ಸ್ಪ್ಯಾನಿಶ್‌ನಲ್ಲಿ ‘ಜಾಸ್ತಿ ಆಯ್ತು’ ಹೇಳೋದು ಹೇಗೆ? ದೆಮಾಸ್ಯಾದೊ ಯಾವಾಗ ಬದಲಾಗುತ್ತದೆ, ಯಾವಾಗ ಇಲ್ಲ?

ಎ2 ಕಲಿಕೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸಂಜೆ ಕ್ಲಾಸಿಗೆ ಹೋಗಿ ಸ್ಪ್ಯಾನಿಶ್ ಕಲಿಯುತ್ತಿದ್ದೇನೆ. ‘ಬೇಕಾದ್ದಕ್ಕಿಂತ ಜಾಸ್ತಿ’ ಅನ್ನೋದಕ್ಕೆ ದೆಮಾಸ್ಯಾದೊ ಅಂತ ಹೇಳಿಕೊಟ್ಟಿದ್ದಾರೆ. ಅದಕ್ಕೆ ನಾಲ್ಕು ರೂಪ. ದೆಮಾಸ್ಯಾದೊ ದಿನೇರೊ ಅಂದರೆ ಜಾಸ್ತಿ ದುಡ್ಡು. ದೆಮಾಸ್ಯಾದಾ ಸಾಲ್, ಜಾಸ್ತಿ ಉಪ್ಪು. ದೆಮಾಸ್ಯಾದೋಸ್ ಲೀಬ್ರೋಸ್, ಜಾಸ್ತಿ ಪುಸ್ತಕಗಳು. ದೆಮಾಸ್ಯಾದಾಸ್ ಸೀಯಾಸ್, ಜಾಸ್ತಿ ಕುರ್ಚಿಗಳು. ಇಲ್ಲಿವರೆಗೆ ಅರ್ಥವಾಯಿತು.

ಆದರೆ ಅದೇ ಪಾಠದ ಕೊನೆಗೆ ‘ಲಾ ಕಾಸಾ ಎಸ್ ದೆಮಾಸ್ಯಾದೊ ಕಾರಾ’ ಅಂತ ಇದೆ. ಮನೆ ವಿಪರೀತ ದುಬಾರಿ ಅಂತ. ಕಾಸಾ ಸ್ತ್ರೀಲಿಂಗ, ಕಾರಾನೂ ಸ್ತ್ರೀಲಿಂಗ. ಮಧ್ಯದಲ್ಲಿರೋ ದೆಮಾಸ್ಯಾದೊ ಮಾತ್ರ ಪುಲ್ಲಿಂಗ ಯಾಕೆ?

ಇನ್ನೊಂದು. ನೀರಿಗೆ ‘ಎಲ್ ಆಗ್ವಾ’ ಅಂತಾರೆ. ಎಲ್ ಬಂದರೆ ಪುಲ್ಲಿಂಗ ಅಲ್ವಾ? ಹಾಗಿದ್ದರೆ ‘ದೆಮಾಸ್ಯಾದಾ ಆಗ್ವಾ’ ಅಂತ ಯಾಕೆ ಬರೆಯುತ್ತಾರೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ತುಮಕೂರಿನಿಂದ ಟೊಲೆಡೊ:
ಆಗ್ವಾ ಸ್ತ್ರೀಲಿಂಗವೇ. ಎಲ್ ಅನ್ನೋದು ಬರೀ ಉಚ್ಚಾರಣೆಯ ಅನುಕೂಲಕ್ಕೆ ಬಂದದ್ದು. ಸಂಜೆ ವಿವರವಾಗಿ ಬರೆಯುತ್ತೇನೆ. ಮೊದಲನೇ ಪ್ರಶ್ನೆಗೆ ಮೇಷ್ಟ್ರು ಬಂದರೆ ಒಳ್ಳೆಯದು.

ಹಳೇ ಮೇಷ್ಟ್ರು:
ಬಂದೆ. ಪ್ರಶ್ನೆ ಚೆನ್ನಾಗಿದೆ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಕನ್ನಡದ ಮೂರು ವಾಕ್ಯ ತಗೊಳ್ಳಿ. ‘ಜಾಸ್ತಿ ನೀರು ಹಾಕಿದಳು.’ ‘ಆ ಊರು ಜಾಸ್ತಿ ದೂರ.’ ‘ಅವಳು ಜಾಸ್ತಿ ಮಾತಾಡ್ತಾಳೆ.’ ಮೂರರಲ್ಲೂ ಅದೇ ಜಾಸ್ತಿ. ಆದರೆ ಮೊದಲನೆಯದರಲ್ಲಿ ಅದು ನೀರು ಅನ್ನೋ ವಸ್ತುವಿಗೆ ಸೇರಿದ್ದು. ಎರಡನೆಯದರಲ್ಲಿ ದೂರ ಅನ್ನೋ ಗುಣಕ್ಕೆ. ಮೂರನೆಯದರಲ್ಲಿ ಮಾತಾಡೋ ಕೆಲಸಕ್ಕೆ. ಕನ್ನಡದಲ್ಲಿ ಜಾಸ್ತಿ ಯಾವುದಕ್ಕೆ ಸೇರಿದರೂ ರೂಪ ಬದಲಿಸೋದಿಲ್ಲ. ಹಾಗಾಗಿ ಈ ವ್ಯತ್ಯಾಸದ ಕಡೆ ನಾವು ಗಮನ ಕೊಡಬೇಕಾಗಿಯೇ ಬಂದಿಲ್ಲ. ಸ್ಪ್ಯಾನಿಶ್‌ನಲ್ಲಿ ಕೊಡಲೇಬೇಕು.

ವಸ್ತುವಿಗೆ, ಅಂದರೆ ನಾಮಪದಕ್ಕೆ ಸೇರಿದರೆ ದೆಮಾಸ್ಯಾದೊ ಆ ನಾಮಪದದ ಲಿಂಗವನ್ನೂ ವಚನವನ್ನೂ ಹಿಡಿಯುತ್ತದೆ. ಗುಣಕ್ಕೋ ಕ್ರಿಯೆಗೋ ಸೇರಿದರೆ ಒಂದೇ ರೂಪದಲ್ಲಿ ಉಳಿಯುತ್ತದೆ. ‘ದೆಮಾಸ್ಯಾದೊ ಕಾರಾ’ದಲ್ಲಿ ದೆಮಾಸ್ಯಾದೊ ಮನೆಯ ಬಗ್ಗೆ ಏನೂ ಹೇಳುತ್ತಿಲ್ಲ, ‘ದುಬಾರಿ’ ಅನ್ನೋದು ಎಷ್ಟು ಅಂತ ಹೇಳುತ್ತಿದೆ. ಆದ್ದರಿಂದ ಅದು ಪುಲ್ಲಿಂಗ ಅಂತ ತಿಳಿಯಬೇಡಿ. ಅಲ್ಲಿ ಅದಕ್ಕೆ ಲಿಂಗವೇ ಇಲ್ಲ. ಅದೇ ರೀತಿ ‘ಏಯಾಸ್ ಆಬ್ಲಾನ್ ದೆಮಾಸ್ಯಾದೊ’, ಆ ಹೆಂಗಸರು ಜಾಸ್ತಿ ಮಾತಾಡ್ತಾರೆ. ಎಷ್ಟು ಜನ ಹೆಂಗಸರಿದ್ದರೂ ಅಲ್ಲಿ ದೆಮಾಸ್ಯಾದಾಸ್ ಬರೋದಿಲ್ಲ.

ಗೊಂದಲ ಯಾಕೆ ಆಗುತ್ತದೆ ಅಂದರೆ, ಸ್ಪ್ಯಾನಿಶ್‌ನ ಬೇರೆ ಪ್ರಮಾಣದ ಪದಗಳಿಗೆ ಎರಡು ಬೇರೆ ಬೇರೆ ರೂಪ ಇದೆ. ತುಂಬಾ ಅನ್ನೋದಕ್ಕೆ ಗುಣದ ಮುಂದೆ ಮುಯ್, ವಸ್ತುವಿನ ಮುಂದೆ ಮೂಚೊ, ಮೂಚಾ, ಮೂಚೋಸ್, ಮೂಚಾಸ್. ಅಷ್ಟು ಅನ್ನೋದಕ್ಕೆ ಗುಣದ ಮುಂದೆ ತಾನ್, ವಸ್ತುವಿನ ಮುಂದೆ ತಾಂತೊ, ತಾಂತಾ ಇತ್ಯಾದಿ. ನೋಡಿದ ತಕ್ಷಣ ಯಾವುದು ಎಲ್ಲಿ ಅಂತ ಗೊತ್ತಾಗುತ್ತದೆ. ದೆಮಾಸ್ಯಾದೊಗೆ ಹಾಗೆ ಚಿಕ್ಕ ರೂಪ ಇಲ್ಲ. ಎರಡೂ ಕೆಲಸವನ್ನು ಒಂದೇ ಪದ ಮಾಡುತ್ತದೆ.

ಇದರಲ್ಲೇ ಒಂದು ಒಳ್ಳೆ ಪರೀಕ್ಷೆ ಸಿಗುತ್ತದೆ. ಸಂದೇಹ ಬಂದಾಗ ದೆಮಾಸ್ಯಾದೊ ತೆಗೆದು ಅಲ್ಲಿ ಮುಯ್ ಇಟ್ಟು ನೋಡಿ, ಆಮೇಲೆ ಮೂಚೊ ಇಟ್ಟು ನೋಡಿ. ‘ಮುಯ್ ಕಾರಾ’ ಸರಿಹೋಗುತ್ತದೆ, ಹಾಗಾದರೆ ದೆಮಾಸ್ಯಾದೊ ಕಾರಾ. ‘ಮುಯ್ ಆಗ್ವಾ’ ಅಂತ ಯಾರೂ ಹೇಳೋದಿಲ್ಲ, ‘ಮೂಚಾ ಆಗ್ವಾ’ ಅಂತಾರೆ. ಹಾಗಾದರೆ ದೆಮಾಸ್ಯಾದಾ ಆಗ್ವಾ. ಮುಯ್ ಕೂತ ಕಡೆ ಬದಲಾವಣೆ ಇಲ್ಲ, ಮೂಚಾ ಕೂತ ಕಡೆ ಬದಲಾವಣೆ ಇದೆ.

ಕಾರಾ ಪದವನ್ನೇ ಇನ್ನೊಂದು ಸಲ ನೋಡಿ. ಅದು ‘ದುಬಾರಿ’ಯೂ ಹೌದು, ನಾಮಪದವಾಗಿ ‘ಮುಖ’ವೂ ಹೌದು. ಸ್ಪೇನಿನಲ್ಲಿ ‘ತೇನೆರ್ ಮೂಚಾ ಕಾರಾ’ ಅಂದರೆ ನಾಚಿಕೆ ಬಿಟ್ಟವನು ಅಂತ. ಕೇಳದೆ ಸರದಿ ಮುರಿದು ಮುಂದೆ ಹೋಗಿ ನಿಲ್ಲುವವನ ಬಗ್ಗೆ ‘ತ್ಯೇನೆ ದೆಮಾಸ್ಯಾದಾ ಕಾರಾ’ ಅನ್ನಬಹುದು. ಇಲ್ಲಿ ಕಾರಾ ನಾಮಪದ, ಅದಕ್ಕೇ ದೆಮಾಸ್ಯಾದಾ. ಒಂದು ಅಕ್ಷರದಲ್ಲಿ ಬೆಲೆಯ ಮಾತು ಬೈಗುಳ ಆಗುತ್ತದೆ.

ಎ2 ಕಲಿಕೆ:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಮುಯ್ ಇಟ್ಟು ನೋಡೋದು ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ಹಾಗಾದರೆ ‘ತೀರಾ ಕಮ್ಮಿ ನೀರು’ ಅನ್ನೋದಕ್ಕೆ ಏನು ಹೇಳಬೇಕು? ದೆಮಾಸ್ಯಾದಾ ಪೋಕಾ ಆಗ್ವಾ, ಅಥವಾ ದೆಮಾಸ್ಯಾದೊ ಪೋಕಾ ಆಗ್ವಾ?

ಹಳೇ ಮೇಷ್ಟ್ರು:
ಅದೇ ಪರೀಕ್ಷೆ ಹಾಕಿ. ‘ಮುಯ್ ಪೋಕಾ ಆಗ್ವಾ’ ಸರಿ. ಹಾಗಾದರೆ ‘ದೆಮಾಸ್ಯಾದೊ ಪೋಕಾ ಆಗ್ವಾ’. ದೆಮಾಸ್ಯಾದೊ ಇಲ್ಲಿ ಕಮ್ಮಿ ಅನ್ನೋದಕ್ಕೆ ಸೇರಿದೆ, ನೀರಿಗೆ ಅಲ್ಲ. ಪೋಕಾ ಮಾತ್ರ ನೀರಿಗೆ ಹೊಂದುತ್ತದೆ. ಬಹುವಚನದಲ್ಲೂ ಅಷ್ಟೇ: ದೆಮಾಸ್ಯಾದೊ ಪೋಕಾಸ್ ಸೀಯಾಸ್. ಮಾತಿನಲ್ಲಿ ಸ್ಪ್ಯಾನಿಶ್ ಜನರೇ ‘ದೆಮಾಸ್ಯಾದಾ ಪೋಕಾ’ ಅನ್ನೋದು ಕೇಳಿಬರುತ್ತದೆ. ಬರೆಯುವಾಗ ಮಾತ್ರ ಬೇಡ.

ಮೂಚೊಗೆ ಒಂದು ಎಚ್ಚರಿಕೆ ಸೇರಿಸಿಬಿಡುತ್ತೇನೆ. ‘ಇನ್ನೂ ತುಂಬಾ ಜಾಸ್ತಿ ನೀರು’ ಅನ್ನೋದಕ್ಕೆ ಮೂಚಾ ಮಾಸ್ ಆಗ್ವಾ. ‘ಇನ್ನೂ ತುಂಬಾ ದುಬಾರಿ’ ಅನ್ನೋದಕ್ಕೆ ಮೂಚೊ ಮಾಸ್ ಕಾರಾ. ಇಲ್ಲೂ ಕೊನೆಗೆ ಕೂತಿರೋದು ವಸ್ತುವೋ ಗುಣವೋ ಅಂತ ನೋಡಬೇಕು.

ಇನ್ನೂ ಸೂಕ್ಷ್ಮವಾದ ಜೋಡಿ ಬೇಕಾ? ‘ದೆಮಾಸ್ಯಾದಾ ಬ್ವೇನಾ ಹೆಂತೆ’ ಅಂದರೆ ಒಳ್ಳೆ ಜನರ ಸಂಖ್ಯೆ ಜಾಸ್ತಿ. ‘ದೆಮಾಸ್ಯಾದೊ ಬ್ವೇನಾ ಹೆಂತೆ’ ಅಂದರೆ ಅವರ ಒಳ್ಳೆಯತನ ಜಾಸ್ತಿ. ಎರಡೂ ವ್ಯಾಕರಣಬದ್ಧ. ನೀವು ಏನು ಹೇಳಬೇಕು ಅಂದುಕೊಂಡಿದ್ದೀರಿ ಅನ್ನೋದು ಆ ಒಂದು ಸ್ವರದಲ್ಲಿದೆ. ನನಗೆ ಈ ಭಾಷೆಯಲ್ಲಿ ತುಂಬಾ ಇಷ್ಟವಾಗೋ ಜಾಗ ಇದು.

ತುಮಕೂರಿನಿಂದ ಟೊಲೆಡೊ:
ಆಗ್ವಾ ವಿಷಯಕ್ಕೆ ಬರುತ್ತೇನೆ.

ಲ್ಯಾಟಿನ್‌ನಲ್ಲಿ ಸ್ತ್ರೀಲಿಂಗದ ‘ಆ’ ಅನ್ನೋದಕ್ಕೆ ಇಲ್ಲಾ ಅಂತ ಪದ ಇತ್ತು. ಅದು ಸವೆದು ಏಲಾ ಆಯಿತು. ವ್ಯಂಜನದ ಮುಂದೆ ಅದರ ಮೊದಲ ಸ್ವರ ಬಿದ್ದು ಲಾ ಉಳಿಯಿತು. ಸ್ವರದ ಮುಂದೆ ಕೊನೆಯ ಸ್ವರ ಬಿದ್ದು ಎಲ್ ಉಳಿಯಿತು. ಅಂದರೆ ಆಗ್ವಾ ಮುಂದಿರೋ ಎಲ್ ಹುಟ್ಟಿನಿಂದಲೇ ಸ್ತ್ರೀಲಿಂಗದ್ದು. ನೋಡೋಕೆ ಮಾತ್ರ ಪುಲ್ಲಿಂಗದ ಎಲ್ ಥರ ಇದೆ. ಹಳೇ ಸ್ಪ್ಯಾನಿಶ್‌ನಲ್ಲಿ ಇದು ಇನ್ನೂ ಹೆಚ್ಚು ಪದಗಳ ಮುಂದೆ ಬರುತ್ತಿತ್ತು. ಈಗ ಒತ್ತು ಬೀಳೋ ‘ಆ’ ಸ್ವರದಿಂದ ಶುರುವಾಗೋ ಸ್ತ್ರೀಲಿಂಗ ಪದಗಳ ಮುಂದೆ ಮಾತ್ರ ಉಳಿದಿದೆ. ಆಗ್ವಾ ನೀರು, ಆಲ್ಮಾ ಆತ್ಮ, ಆಗಿಲಾ ಹದ್ದು, ಆಉಲಾ ಕ್ಲಾಸ್‌ರೂಮು, ಆಚಾ ಕೊಡಲಿ. ಆಂಬ್ರೆ ಅಂದರೆ ಹಸಿವು, ಅದೂ ಇದೇ ಗುಂಪು. ಬರೆಯುವಾಗ ಮುಂದೆ ಒಂದು ಹಕಾರ ಇದೆ, ಉಚ್ಚರಿಸೋದಿಲ್ಲ. ಅರೇನಾ, ಅಂದರೆ ಮರಳು, ಇದರಲ್ಲಿ ಒತ್ತು ಎರಡನೇ ಸ್ವರದ ಮೇಲೆ ಬೀಳುತ್ತದೆ. ಅದಕ್ಕೇ ಲಾ ಅರೇನಾ.

ಈ ಎಲ್ ಪದಕ್ಕೆ ಅಂಟಿಕೊಂಡೇ ಇರಬೇಕು. ಮಧ್ಯೆ ಇನ್ನೊಂದು ಪದ ಬಂದರೆ ಲಾ ವಾಪಸ್ ಬರುತ್ತದೆ: ಲಾ ಮೀಸ್ಮಾ ಆಗ್ವಾ, ಅದೇ ನೀರು. ಗುಣವಾಚಕ ಯಾವಾಗಲೂ ಸ್ತ್ರೀಲಿಂಗ: ಎಲ್ ಆಗ್ವಾ ಫ್ರೀಯಾ, ತಣ್ಣೀರು. ಬಹುವಚನ ಲಾಸ್ ಆಗ್ವಾಸ್. ಈ ನೀರು ಅನ್ನೋದಕ್ಕೆ ಏಸ್ತಾ ಆಗ್ವಾ. ಏಸ್ತೆ ಆಗ್ವಾ ಅಂತ ಇಲ್ಲಿನ ಟೀವಿಯಲ್ಲೂ ಕೇಳಿಸುತ್ತದೆ, ಆದರೆ ಅದು ಒಪ್ಪಿತ ರೂಪ ಅಲ್ಲ. ಮೂಚಾ, ಪೋಕಾ, ತಾಂತಾ, ದೆಮಾಸ್ಯಾದಾ, ಎಲ್ಲವೂ ಸ್ತ್ರೀಲಿಂಗದಲ್ಲೇ. ಹಸಿವಿಗೂ ಹಾಗೇ: ತೇಂಗೊ ಮೂಚಾ ಆಂಬ್ರೆ. ಮೂಚೊ ಆಂಬ್ರೆ ಅಂತ ಬೀದಿಯಲ್ಲಿ ಬೇಕಾದಷ್ಟು ಕೇಳಬಹುದು. ನೀವು ಕಲಿಯುವಾಗ ಮೂಚಾ ಅಂತಲೇ ಕಲಿಯಿರಿ.

ಧಾರವಾಡದವ:
ಅಣ್ಣ, ವಿವರಣೆ ಭಾಳ ಛಲೋ ಇದೆ. ನನ್ನ ಅನುಭವದಲ್ಲಿ ಕನ್ನಡದವರಿಗೆ ನಿಜವಾದ ತೊಡಕು ದೆಮಾಸ್ಯಾದೊ ಅಲ್ಲ. ಅದರ ಮುಂದೆ ಬರೋ ಪದದ ಲಿಂಗ ಗೊತ್ತಿಲ್ಲದಿರುವುದು. ನಮ್ಮಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕದ್ದೆಲ್ಲ ನಪುಂಸಕ. ಮೇಜು, ಕುರ್ಚಿ, ಹಾಲು, ಮಳೆ, ಕೋಪ, ಎಲ್ಲ ‘ಅದು’. ಸ್ಪ್ಯಾನಿಶ್‌ನಲ್ಲಿ ನಾಮಪದಗಳಿಗೆ ನಪುಂಸಕವೇ ಇಲ್ಲ. ಹಾಲು ಸ್ತ್ರೀ, ಕಾಫಿ ಪುರುಷ. ಮಳೆ ಸ್ತ್ರೀ, ಬಿಸಿಲಿನ ಕಾವು ಪುರುಷ.

ಹಿಂದಿ ಓದಿದವರಿಗೆ ಇದರ ರುಚಿ ಗೊತ್ತು. ಬಹುತ್ ಸಾರಾ ಪಾನಿ, ಬಹುತ್ ಸಾರೀ ಕಿತಾಬೇಂ ಅಂತ ಬದಲಾಯಿಸಬೇಕು. ಶಾಲೆಯಲ್ಲಿ ಹಿಂದಿ ಪೇಪರಿನಲ್ಲಿ ಲಿಂಗಕ್ಕೇ ಮಾರ್ಕ್ಸ್ ಹೋಗುತ್ತಿದ್ದುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಹಿಂದಿಯ ಲಿಂಗ ಹಿಡಿದು ಸ್ಪ್ಯಾನಿಶ್ ಊಹಿಸಬೇಡಿ. ನೀರು ಹಿಂದಿಯಲ್ಲಿ ಪುಲ್ಲಿಂಗ, ಇಲ್ಲಿ ಸ್ತ್ರೀಲಿಂಗ. ಪುಸ್ತಕ ಅಲ್ಲಿ ಸ್ತ್ರೀಲಿಂಗ, ಇಲ್ಲಿ ಪುಲ್ಲಿಂಗ.

ನನ್ನ ಸಲಹೆ ಇಷ್ಟೇ. ಹೊಸ ಪದ ಬರೆದುಕೊಳ್ಳುವಾಗ ಪದ ಒಂದನ್ನೇ ಬರೆಯಬೇಡಿ. ಮುಂದೆ ಮೂಚೊ ಅಥವಾ ಮೂಚಾ ಸೇರಿಸಿ ಬರೆಯಿರಿ. ಎಲ್, ಲಾ ಸೇರಿಸಿ ಬರೆದುಕೊಂಡರೆ ಆಗ್ವಾ, ಆಂಬ್ರೆ ಥರದ ಪದಗಳಲ್ಲಿ ಅದೇ ದಾರಿ ತಪ್ಪಿಸುತ್ತದೆ. ‘ಮೂಚಾ ಆಂಬ್ರೆ’ ಅಂತ ಬಾಯಿಗೆ ಕೂತರೆ ‘ದೆಮಾಸ್ಯಾದಾ ಆಂಬ್ರೆ’ ತಾನಾಗಿ ಬರುತ್ತದೆ.

ಹಳೇ ಮೇಷ್ಟ್ರು:
ಈ ಸಲಹೆ ನನಗೆ ಹಿಡಿಸಿತು. ಕ್ಲಾಸಿನಲ್ಲಿ ಬಳಸುತ್ತೇನೆ.

‘ಆ’ದಿಂದ ಮುಗಿದರೆ ಸ್ತ್ರೀ, ‘ಒ’ದಿಂದ ಮುಗಿದರೆ ಪುರುಷ ಅನ್ನೋ ನಿಯಮ ಬಹಳ ದೂರ ನಡೆಯುತ್ತದೆ. ನಡೆಯದ ಜಾಗಗಳಲ್ಲಿ ಒಂದು ದೊಡ್ಡ ಗುಂಪು ಗ್ರೀಕ್‌ನಿಂದ ಬಂದ ‘ಮಾ’ ಕೊನೆಯ ಪದಗಳು. ಪ್ರೊಬ್ಲೇಮಾ, ಸಿಸ್ತೇಮಾ, ಪ್ರೊಗ್ರಾಮಾ, ಇದ್ಯೋಮಾ, ಕ್ಲೀಮಾ. ಗ್ರೀಕ್‌ನಲ್ಲಿ ಇವು ನಪುಂಸಕ. ಸ್ಪ್ಯಾನಿಶ್‌ನಲ್ಲಿ ನಪುಂಸಕ ಇಲ್ಲವಾಗಿ ಪುಲ್ಲಿಂಗಕ್ಕೆ ಸೇರಿಕೊಂಡವು. ಆದ್ದರಿಂದ ದೆಮಾಸ್ಯಾದೋಸ್ ಪ್ರೊಬ್ಲೇಮಾಸ್. ದೀಯಾ, ಅಂದರೆ ದಿನ, ಅದೂ ಪುಲ್ಲಿಂಗ: ದೆಮಾಸ್ಯಾದೋಸ್ ದೀಯಾಸ್. ಇದಕ್ಕೆ ಉಲ್ಟಾ, ಮಾನೊ ಅಂದರೆ ಕೈ, ಅದು ಸ್ತ್ರೀಲಿಂಗ. ಫೋತೊ, ಮೋತೊ ಕೂಡ ಸ್ತ್ರೀಲಿಂಗ, ಯಾಕಂದರೆ ಅವು ಫೋತೊಗ್ರಾಫೀಯಾ, ಮೋತೊಸಿಕ್ಲೇತಾ ಪದಗಳ ಮೊಟಕು ರೂಪ. ಫೋನಿನಲ್ಲಿ ದೆಮಾಸ್ಯಾದಾಸ್ ಫೋತೋಸ್.

ಆದರೆ ‘ಮಾ’ ಬಂದ ಕೂಡಲೇ ಪುಲ್ಲಿಂಗ ಅಂತ ಓಡಬೇಡಿ. ಕಾಮಾ ಹಾಸಿಗೆ, ಕ್ರೇಮಾ ಕೆನೆ, ಫೋರ್ಮಾ ಆಕಾರ, ಇವೆಲ್ಲ ಸ್ತ್ರೀಲಿಂಗವೇ.

ವಲೆನ್ಸಿಯಾ ಅಡುಗೆಮನೆ:
ನಾನು ವ್ಯಾಕರಣದವಳಲ್ಲ. ಈ ಪದ ನನಗೆ ಬಂದದ್ದು ಒಲೆ ಮುಂದೆ. ವಲೆನ್ಸಿಯಾಕ್ಕೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಅಜ್ಜಿ ತರಕಾರಿ ಪಾಯೆಯಾ ಮಾಡೋದು ಹೇಳಿಕೊಟ್ಟರು. ಅಗಲ ಬಾಣಲೆ, ತಳದಲ್ಲಿ ಎಣ್ಣೆ, ಬೀನ್ಸು, ಗಾರ್ರೊಫೊ ಅನ್ನೋ ದಪ್ಪ ಅವರೆಯಂಥ ಬೇಳೆ, ಟೊಮೇಟೊ, ಕೇಸರಿ, ನೀರು, ಆಮೇಲೆ ಅಕ್ಕಿ. ಇಲ್ಲಿ ಪಾಯೆಯಾ ಅಂದರೆ ಹುಡುಗಾಟ ಅಲ್ಲ. 2021ರಲ್ಲಿ ಸರ್ಕಾರ ಅದನ್ನು ಸಂಸ್ಕೃತಿಯ ಆಸ್ತಿ ಅಂತ ಘೋಷಿಸಿದೆ.

ಅಜ್ಜಿ ಒಲೆ ಪಕ್ಕ ನಿಂತು ಒಂದೊಂದೇ ಹೇಳುತ್ತಾ ಹೋಗುತ್ತಿದ್ದರು. ನೀರು ನೋಡಿ ‘ದೆಮಾಸ್ಯಾದಾ ಆಗ್ವಾ!’ ಉರಿ ನೋಡಿ ‘ದೆಮಾಸ್ಯಾದೊ ಫ್ವೇಗೊ!’ ಅಕ್ಕಿ ಸುರಿಯುವಾಗ ‘ದೆಮಾಸ್ಯಾದೊ ಅರ್ರೋಸ್, ಇಹಾ.’ ಇಹಾ ಅಂದರೆ ಮಗಳೇ. ಅಕ್ಕಿ ಬಾಣಲೆಯಲ್ಲಿ ತೆಳ್ಳಗೆ ಹರಡಿಕೊಂಡಿರಬೇಕು. ತಳದಲ್ಲಿ ಸೊಕಾರ್ರಾತ್ ಅನ್ನೋ ಕೆಂಪು ಸೀಕಲು ಕಟ್ಟಬೇಕು. ಅಕ್ಕಿ ದಪ್ಪ ಇದ್ದರೆ, ನೀರು ಜಾಸ್ತಿ ಇದ್ದರೆ ಅದು ಕಟ್ಟೋದಿಲ್ಲ. ಒಂದೇ ಪದ ಪ್ರತಿ ಸಾಮಾನಿಗೂ ಬೇರೆ ಬಾಲ ಹಚ್ಚಿಕೊಂಡು ಬರೋದು ಕಿವಿಗೆ ಬಿದ್ದೂ ಬಿದ್ದೂ ಅಭ್ಯಾಸವಾಯಿತು.

ಅಡುಗೆಮನೆಯಲ್ಲಿ ದೆಮಾಸ್ಯಾದೊ ಇಲ್ಲದೆಯೂ ಜಾಸ್ತಿ ಆಯ್ತು ಅನ್ನೋ ಮಾತುಗಳಿವೆ. ನಾವು ಉಪ್ಪು ಸ್ವಲ್ಪ ಮುಂದಾಗಿದೆ ಅಂತೀವಲ್ಲ, ಇಲ್ಲಿ ಎದುರಿಗಿರೋರಿಗೆ ‘ತೆ ಆಸ್ ಪಸಾದೊ ಕೋನ್ ಲಾ ಸಾಲ್’ ಅಂತಾರೆ, ಉಪ್ಪಿನಲ್ಲಿ ಮಿತಿ ದಾಟಿದೆ ಅಂತ. ಇನ್ನೂ ಮೃದುವಾಗಿ ಹೇಳಬೇಕಾದರೆ ‘ಸೆ ತೆ ಆ ಈದೊ ಲಾ ಮಾನೊ ಕೋನ್ ಲಾ ಸಾಲ್’. ತಪ್ಪು ನಿಮ್ಮದಲ್ಲ, ಕೈಯದು ಅನ್ನೋ ಹಾಗೆ. ಹೊಸಬರ ಮನೆಗೆ ಊಟಕ್ಕೆ ಹೋದಾಗ ಇದನ್ನೇ ಬಳಸಿ, ಯಾರಿಗೂ ಬೇಜಾರಾಗೋದಿಲ್ಲ. ಈ ಎರಡರಲ್ಲೂ ಲಿಂಗದ ತಲೆನೋವಿಲ್ಲ. ಪಸಾದೊ ಅನ್ನೋದು ಇಲ್ಲಿ ಕ್ರಿಯಾಪದದ ಭಾಗ. ಎದುರಿಗಿರೋದು ಹೆಂಗಸಾದರೂ ಅದು ಪಸಾದೊನೇ.

ಉಪ್ಪಾಗಿದೆ ಅನ್ನುವಾಗ ಮಾತ್ರ ಗಮನ ಕೊಡಿ. ಅನ್ನ ಆದರೆ ‘ದೆಮಾಸ್ಯಾದೊ ಸಲಾದೊ’. ಸೂಪು ಆದರೆ ‘ದೆಮಾಸ್ಯಾದೊ ಸಲಾದಾ’, ಯಾಕಂದರೆ ಸೋಪಾ ಸ್ತ್ರೀಲಿಂಗ. ಮೇಷ್ಟ್ರು ಹೇಳಿದ್ದೇ ಇದು, ಬದಲಾಗೋದು ಸಲಾದೊ ಮಾತ್ರ.

ಎ2 ಕಲಿಕೆ:
ಅಕ್ಕಾ, ಓದುತ್ತಾ ಹಸಿವಾಯಿತು! ಸಕ್ಕರೆಗೆ ಹೇಗೆ? ಒಂದು ಕಡೆ ದೆಮಾಸ್ಯಾದೊ ಅಸೂಕಾರ್ ಅಂತ ನೋಡಿದೆ, ಇನ್ನೊಂದು ಕಡೆ ದೆಮಾಸ್ಯಾದಾ ಅಸೂಕಾರ್.

ತುಮಕೂರಿನಿಂದ ಟೊಲೆಡೊ:
ಎರಡೂ ಸರಿ. ಅಸೂಕಾರ್ ಎರಡೂ ಲಿಂಗದಲ್ಲಿ ನಡೆಯುತ್ತದೆ. ‘ಎಲ್ ಅಸೂಕಾರ್ ಮೊರೇನಾ’ ಅಂತ ಮುಂದೆ ಎಲ್ ಇಟ್ಟು ಹಿಂದೆ ಸ್ತ್ರೀಲಿಂಗದ ಗುಣವಾಚಕ ಹಾಕೋದೂ ಇದೆ. ನಿಮಗೆ ಯಾವುದು ಸುಲಭವೋ ಅದನ್ನು ಹಿಡಿಯಿರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಗ್ವಾದಲಹಾರಾ ಗೌಡ:
ಮೆಕ್ಸಿಕೊದಿಂದ ಒಂದು ಮಾತು. ನೀವೆಲ್ಲ ದೆಮಾಸ್ಯಾದೊ ಅಂದರೆ ಮಿತಿ ಮೀರಿದ್ದು ಅಂತಲೇ ಹೇಳುತ್ತಿದ್ದೀರಿ. ಲ್ಯಾಟಿನ್ ಅಮೆರಿಕದ ಹಲವು ಕಡೆ ಮಾತಿನಲ್ಲಿ ಅದು ಬರೀ ‘ತುಂಬಾ’ ಆಗಿಬಿಡುತ್ತದೆ. ‘ತೆ ಕ್ಯೇರೊ ದೆಮಾಸ್ಯಾದೊ’ ಅಂತ ಹುಡುಗಿ ಹೇಳಿದರೆ, ಪ್ರೀತಿ ಜಾಸ್ತಿಯಾಗಿ ತೊಂದರೆ ಆಗಿದೆ ಅಂತಲ್ಲ. ತುಂಬಾ ಪ್ರೀತಿ ಅಂತ ಅಷ್ಟೇ. ನಮ್ಮ ಆಫೀಸಿನಲ್ಲಿ ಜೊತೆಯವರು ಒಳ್ಳೆ ಊಟದ ಬಗ್ಗೆ ‘ದೆಮಾಸ್ಯಾದೊ ರೀಕೊ’ ಅಂದದ್ದನ್ನು ಕೇಳಿದ್ದೇನೆ. ಕನ್ನಡದಲ್ಲಿ ‘ವಿಪರೀತ ಚೆನ್ನಾಗಿದೆ’ ಅಂತ ನಾವು ಹೇಳೋದಿಲ್ವಾ? ಅದೇ ದಾರಿ.

ಇನ್ನೊಂದು, ದೆಮಾಸ್ಯಾದೊ ಆದಮೇಲೆ ‘ದೆ’ ಹಾಕಬೇಡಿ. ‘ದೆಮಾಸ್ಯಾದೊ ದೆ ಆಗ್ವಾ’ ಅಂತ ಹೊಸಬರು ಹೇಳೋದು ಕೇಳುತ್ತೇನೆ. ಬಹುಶಃ ‘ಉನ್ ಪೋಕೊ ದೆ ಆಗ್ವಾ’, ಸ್ವಲ್ಪ ನೀರು, ಇದನ್ನು ಮೊದಲು ಕಲಿತಿರೋದರಿಂದ. ‘ಉನ್ ಮೊಂತೋನ್ ದೆ’ ಅಂದರೆ ರಾಶಿ, ಅದಕ್ಕೂ ದೆ ಬೇಕು. ಈ ಎರಡೂ ಲಿಂಗ ಬದಲಿಸೋದಿಲ್ಲ: ಉನ್ ಮೊಂತೋನ್ ದೆ ಕೋಸಾಸ್, ಉನ್ ಮೊಂತೋನ್ ದೆ ಲೀಬ್ರೋಸ್. ಲಿಂಗ ನೆನಪಿಗೆ ಬಾರದೆ ಮಾತು ನಿಂತುಹೋದಾಗ ಮೊಂತೋನ್ ಕಾಪಾಡುತ್ತದೆ.

ಚಿಲಿಯಿಂದ ಸುಮಾ:
ಇಲ್ಲಿ ಚಿಲಿಯಲ್ಲಿ ಆರ್ತೊ ಇದೆ. ಆರ್ತಾ ಹೆಂತೆ, ತುಂಬಾ ಜನ. ಆರ್ತಾ ಪೇಗಾ, ತುಂಬಾ ಕೆಲಸ. ಆಸೆ ಆರ್ತೊ ಫ್ರೀಯೊ, ಸಿಕ್ಕಾಪಟ್ಟೆ ಚಳಿ. ಇದೂ ದೆಮಾಸ್ಯಾದೊ ಥರಾನೇ ವಸ್ತುವಿನ ಮುಂದೆ ಬದಲಾಗುತ್ತದೆ. ಸ್ಪೇನಿನವರ ಜೊತೆ ಮಾತಾಡುವಾಗ ಹುಷಾರು. ಅವರಿಗೆ ‘ಎಸ್ತೋಯ್ ಆರ್ತಾ’ ಅಂದರೆ ನನಗೆ ಸಾಕಾಗಿ ಹೋಗಿದೆ ಅಂತ. ಅಲ್ಲಿ ಆರ್ತಾ ಹೇಳುವವಳ ಲಿಂಗ ಹಿಡಿಯುತ್ತದೆ, ಗಂಡಸು ಹೇಳಿದರೆ ಆರ್ತೊ.

ಹಳೇ ಮೇಷ್ಟ್ರು:
ಗೌಡ್ರೇ, ಸುಮಾ ಅವರೇ, ನೀವು ಹೇಳಿದ್ದು ನಿಜ. ಆದರೆ ಈ ಹುಡುಗಿ ಕಲಿಕೆಯ ಹಂತದಲ್ಲಿದ್ದಾಳೆ. ದೆಮಾಸ್ಯಾದೊವನ್ನು ‘ತುಂಬಾ’ ಅಂತ ಈಗಲೇ ಬಳಸೋದು ಬೇಡ ಅಂತ ನನ್ನ ಅಭಿಪ್ರಾಯ. ಇನ್‌ಸ್ತಿತೂತೊ ಸೆರ್ವಾಂತೆಸ್ ನಡೆಸೋ ದೆಲೆ ಪರೀಕ್ಷೆಯಲ್ಲಿ ‘ಎಲ್ ಓತೆಲ್ ಎಸ್ ದೆಮಾಸ್ಯಾದೊ ಗ್ರಾಂದೆ’ ಅಂತ ಬರೆದರೆ, ಓದುವವರು ಹೋಟೆಲು ದೊಡ್ಡದಾದ್ದರಿಂದ ನಿಮಗೆ ತೊಂದರೆ ಅಂತಲೇ ತಿಳಿಯಬಹುದು. ದೊಡ್ಡದು, ಚೆನ್ನಾಗಿದೆ ಅನ್ನೋದಾದರೆ ಮುಯ್ ಗ್ರಾಂದೆ ಸಾಕು.

ಮಿತಿ ಮೀರಿದ್ದು ಅನ್ನೋ ಅರ್ಥ ಗಟ್ಟಿಯಾಗಿ ಹಿಡಿದಿಡೋ ವಾಕ್ಯ ಒಂದಿದೆ: ‘ಎಸ್ತೋಯ್ ದೆಮಾಸ್ಯಾದೊ ಕಾನ್ಸಾದಾ ಪಾರಾ ಸಾಲೀರ್’. ಹೊರಗೆ ಹೋಗೋಕೆ ಆಗದಷ್ಟು ಸುಸ್ತಾಗಿದೆ. ನಮ್ಮ ‘ಆಗದಷ್ಟು’ ಮಾಡೋ ಕೆಲಸವನ್ನು ಅಲ್ಲಿ ದೆಮಾಸ್ಯಾದೊ, ಪಾರಾ ಎರಡೂ ಸೇರಿ ಮಾಡುತ್ತವೆ. ಹಿಂದೆ ಒಂದು ಪಾರಾ ಸೇರಿಸೋಕೆ ಬರುತ್ತದಾ ಅಂತ ಕೇಳಿಕೊಳ್ಳಿ. ಬರೋದಿಲ್ಲ ಅಂದರೆ ಮುಯ್ ಕಡೆ ಹೋಗಿ.

ಗ್ವಾದಲಹಾರಾ ಗೌಡ:
ಪರೀಕ್ಷೆಗೆ ಒಪ್ಪಿದೆ ಮೇಷ್ಟ್ರೇ. ಬಾಳುವುದಕ್ಕೆ ಎರಡೂ ಬೇಕು. ಇಲ್ಲಿಗೆ ಕೆಲಸಕ್ಕೆ ಬರೋ ನಮ್ಮ ಹುಡುಗರು ‘ತೆ ಕ್ಯೇರೊ ದೆಮಾಸ್ಯಾದೊ’ ಕೇಳಿ ಗಾಬರಿಯಾಗಬಾರದು.

ಧಾರವಾಡದವ:
ಜನ ಅನ್ನೋ ಪದದ ಬಗ್ಗೆ ಯಾರೂ ಹೇಳಲಿಲ್ಲ. ಹೆಂತೆ ಸ್ತ್ರೀಲಿಂಗ, ಏಕವಚನ. ಕನ್ನಡದಲ್ಲಿ ನಾವು ‘ಜನ ಬಂದರು’ ಅಂತೀವಿ, ಬಹುವಚನ. ಆ ಅಭ್ಯಾಸ ಬಿಡಬೇಕು. ‘ವೀನೊ ದೆಮಾಸ್ಯಾದಾ ಹೆಂತೆ’, ಜಾಸ್ತಿ ಜನ ಬಂದರು. ಕ್ರಿಯಾಪದ ಏಕವಚನ, ದೆಮಾಸ್ಯಾದಾ ಏಕವಚನ. ಇಡೀ ಗುಂಪು ಗಂಡಸರದ್ದೇ ಆದರೂ ದೆಮಾಸ್ಯಾದಾ ಹೆಂತೆ. ಲಿಂಗ ಪದದ್ದು, ಅಲ್ಲಿರೋ ಮನುಷ್ಯರದ್ದಲ್ಲ.

ಇನ್ನು ‘ಇದೆ, ಇವೆ’ ಅನ್ನೋದಕ್ಕೆ ಆಯ್ ಅಂತಾರೆ, ಅದು ಬದಲಾಗೋದೇ ಇಲ್ಲ. ಆಯ್ ದೆಮಾಸ್ಯಾದೊ ರ್ವೀದೊ, ಗಲಾಟೆ ಜಾಸ್ತಿ ಇದೆ. ಆಯ್ ದೆಮಾಸ್ಯಾದೋಸ್ ಕೋಚೆಸ್, ಕಾರುಗಳು ಜಾಸ್ತಿ ಇವೆ. ‘ಇತ್ತು’ ಅನ್ನೋದಕ್ಕೆ ಅಬೀಯಾ, ಕಾರು ಎಷ್ಟಿದ್ದರೂ ಅಬೀಯಾ ದೆಮಾಸ್ಯಾದೋಸ್ ಕೋಚೆಸ್. ಅಬೀಯಾನ್ ಅಂತ ಸ್ಪೇನಿನ ಪೂರ್ವ ಕರಾವಳಿಯಲ್ಲಿ, ಅಮೆರಿಕದ ದೇಶಗಳಲ್ಲಿ ಬಹಳ ಕೇಳುತ್ತದೆ. ಬರವಣಿಗೆಯಲ್ಲಿ ಒಪ್ಪೋದಿಲ್ಲ. 1713ರಲ್ಲಿ ಶುರುವಾದ ಅಲ್ಲಿನ ಭಾಷಾ ಅಕಾಡೆಮಿಯೂ ಅಬೀಯಾ ಅಂತಲೇ ಬರೆಯಿರಿ ಅನ್ನುತ್ತದೆ.

ವಲೆನ್ಸಿಯಾ ಅಡುಗೆಮನೆ:
ಜನರ ಮಾತು ಬಂತಲ್ಲ, ನಾಮಪದ ಹೇಳದೆಯೂ ಇದನ್ನು ಬಳಸಬಹುದು ಅಂತ ಹೇಳಬೇಕು. ಒಂದು ಕಾರು, ಐದು ಸೀಟು, ಆರು ಜನ ಗೆಳತಿಯರು. ‘ಸೋಮೋಸ್ ದೆಮಾಸ್ಯಾದಾಸ್’, ನಾವು ಜಾಸ್ತಿ ಆದೆವು. ಗುಂಪಿನಲ್ಲಿ ಒಬ್ಬ ಗಂಡಸಿದ್ದರೂ ವ್ಯಾಕರಣ ದೆಮಾಸ್ಯಾದೋಸ್ ಅನ್ನುತ್ತದೆ. ಮಾರ್ಕೆಟ್‌ನಲ್ಲೂ ಹಾಗೇ. ಟೊಮೇಟೊ ತೂಗುವಾಗ ತಟ್ಟೆ ತುಂಬಿತು ಅನ್ನಿಸಿದರೆ ‘ಸೋನ್ ದೆಮಾಸ್ಯಾದೋಸ್’. ಅದೇ ಆಲಿವ್ ಕಾಯಿ ಆದರೆ ‘ಸೋನ್ ದೆಮಾಸ್ಯಾದಾಸ್’. ಪದ ಬಾಯಲ್ಲಿ ಬರದಿದ್ದರೂ ಅದರ ಲಿಂಗ ಅಲ್ಲೇ ಇರುತ್ತದೆ. ಬೆಲೆ ಕೇಳಿ ಜಾಸ್ತಿ ಆಯ್ತು ಅನ್ನೋದಾದರೆ ‘ಎಸ್ ದೆಮಾಸ್ಯಾದೊ’ ಸಾಕು. ಅಲ್ಲಿ ಯಾವ ವಸ್ತುವೂ ಮನಸ್ಸಿನಲ್ಲಿಲ್ಲ.

ಬಿಲ್ಲಿನಲ್ಲಿ ಜಾಸ್ತಿ ಹಾಕಿದ್ದರೆ ದೆಮಾಸ್ಯಾದೊ ಬೇಡ, ‘ದೆ ಮಾಸ್’ ಬಳಸಿ. ‘ಮೆ ಆ ಕೊಬ್ರಾದೊ ದೋಸ್ ಎಉರೋಸ್ ದೆ ಮಾಸ್’, ಎರಡು ಯೂರೊ ಜಾಸ್ತಿ ತಗೊಂಡಿದ್ದೀರಿ. ಎಷ್ಟು ಜಾಸ್ತಿ ಅಂತ ಲೆಕ್ಕ ಸಿಕ್ಕಾಗ ಇದೇ ಸರಿ. ಬರೆಯುವಾಗ ಎರಡು ಪದ ಬಿಡಿಸಿ. ಕೂಡಿಸಿ ಬರೆದರೆ ‘ಮಿಕ್ಕವರು’ ಅನ್ನೋ ಬೇರೆ ಪದ ಆಗುತ್ತದೆ.

ಎ2 ಕಲಿಕೆ:
ಎಲ್ಲರಿಗೂ ಥ್ಯಾಂಕ್ಸ್. ಕೊನೆಯದೊಂದು. ಎರಡು ನಾಮಪದ ಒಟ್ಟಿಗೆ ಬಂದು, ಒಂದು ಪುಲ್ಲಿಂಗ, ಇನ್ನೊಂದು ಸ್ತ್ರೀಲಿಂಗ ಆದರೆ? ‘ಸೆಕೆ, ಜನ ಎರಡೂ ಜಾಸ್ತಿ’ ಅನ್ನೋದಕ್ಕೆ?

ಹಳೇ ಮೇಷ್ಟ್ರು:
ಮುಂದೆ ಬರೋ ದೆಮಾಸ್ಯಾದೊ ತನಗೆ ಹತ್ತಿರದ ನಾಮಪದಕ್ಕೆ ಹೊಂದುತ್ತದೆ. ‘ದೆಮಾಸ್ಯಾದೊ ಕಲೋರ್ ಇ ಹೆಂತೆ’. ತಿರುಗಿಸಿ ಹೇಳಿದರೆ ‘ದೆಮಾಸ್ಯಾದಾ ಹೆಂತೆ ಇ ಕಲೋರ್’. ಕಿವಿಗೆ ಮುಜುಗರ ಅನ್ನಿಸಿದರೆ ಎರಡು ಸಲ ಹೇಳಿ: ‘ದೆಮಾಸ್ಯಾದೊ ಕಲೋರ್ ಇ ದೆಮಾಸ್ಯಾದಾ ಹೆಂತೆ’. ನಾನು ಹೀಗೇ ಹೇಳುತ್ತೇನೆ. ಅಂದ ಹಾಗೆ ಆಂದಲೂಸಿಯಾ ಕಡೆ ಹೋದರೆ ‘ಲಾ ಕಲೋರ್’ ಅಂತ ಸ್ತ್ರೀಲಿಂಗದಲ್ಲಿ ಕೇಳುತ್ತೀರಿ. ಅದು ಅಲ್ಲಿನ ಹಳೇ ಆಡುಮಾತು. ಬರೆಯುವಾಗ ಎಲ್ ಕಲೋರ್ ಅಂತಲೇ ಬರೆಯಿರಿ.